ಮದುಮಗನ ಕೈ

ಬಚ್ಚಲ ಬಾಗಿಲು ಹಾಕಿಕೊಂಡು ಅವನು ದೀಪದ ಕೆಳಗೆ ಎರಡೂ ಕೈ ಚಾಚಿ ನೋಡಿಕೊಂಡ. ಮೊದಲು ಅಂಗೈ, ಆಮೇಲೆ ಹಿಂಗೈ, ಆಮೇಲೆ ಬೆರಳುಗಳನ್ನು ಅಗಲಿಸಿ ಸಂದಿಗಳು. ಇವತ್ತೂ ಏನೂ ಇರಲಿಲ್ಲ. ಒಂದು ಕೆಂಪು ಚುಕ್ಕೆ, ಒಂದು ಸೀಳು, ಹೋಗಲಿ, ಉಗುರಿನ ಬುಡದಲ್ಲಿ ಒಂದಿಷ್ಟು ಸಿಪ್ಪೆ ಎದ್ದಿದ್ದರೂ ಸಾಕಿತ್ತು. ತಲೆ ನರೆತ ಗಂಡಸು, ಮನೆಗೆ ಹಿರಿಯ ಎನಿಸಿಕೊಂಡವನು, ತನಗೊಂದು ಹುಣ್ಣಾಗಲಿ ಎಂದು ಬಚ್ಚಲಲ್ಲಿ ನಿಂತು ಹಾರೈಸುವುದೆಂದರೆ! ಥೂ, ನಿನಗೆ ತಲೆ ಕೆಟ್ಟಿದೆ ಎಂದು ಬೈದುಕೊಂಡ. ಹೊರಗೆ ತಮ್ಮನ ಮಗಳು ಸ್ಕೂಲಿಗೆ ಹೊರಡುವ ಗಡಿಬಿಡಿಯಲ್ಲಿ ರಾಗ ಎಳೆಯುತ್ತಿದ್ದಳು. "ಅಮ್ಮ, ನೀನು ಬೇಡ, ದೊಡ್ಡಮ್ಮ ಬಾಚಲಿ. ನಿನ್ನ ಬೆರಳಿಗೆ ಕೂದಲು ಸಿಕ್ಕಿಕೊಳ್ಳತ್ತೆ, ನೋಯತ್ತೆ." ತಮ್ಮನ ಹೆಂಡತಿ ನಕ್ಕಳು. "ಸರಿ ಕಣೇ ಮಹಾರಾಣಿ, ನಿಮ್ಮ ದೊಡ್ಡಮ್ಮನ ಹತ್ರಾನೇ ಹೋಗು." ಆ ನಗು ಎಷ್ಟು ಸಲೀಸಾಗಿ ಬಂತೆಂದರೆ ಅವಳು ಅದನ್ನು ಮೊದಲೇ ತಯಾರು ಮಾಡಿಟ್ಟುಕೊಂಡಿದ್ದಳೆಂದು ಅವನಿಗೆ ಅನಿಸಿತು. ಮುಂದಿನದು ಕೇಳಬಾರದೆಂದು ನಲ್ಲಿಯನ್ನು ಪೂರ್ತಿ ತಿರುಗಿಸಿದ. ಕಾರ್ಖಾನೆಯಿಂದಲೇ ತಂದ ನಲ್ಲಿ, ಥಳಥಳ ಹೊಳೆಯುತ್ತಿತ್ತು. ಅದರ ಮೈಯಲ್ಲಿ ಅವನ ಮುಖ ಉದ್ದಕ್ಕೆ ಎಳೆದುಕೊಂಡು, ಕಣ್ಣೆರಡೂ ಎಲ್ಲೋ ಅಂಚಿಗೆ ಹೋಗಿ ಸೇರಿದ್ದವು. ಕೈ ಒರೆಸಿಕೊಂಡು ಹೊರಗೆ ಬಂದಾಗ ಹೆಂಡತಿ ಹುಡುಗಿಯ ಜಡೆ ಹೆಣೆಯುತ್ತಿದ್ದವಳು ತಲೆಯೆತ್ತಿ ನೋಡಿದಳು. ಕೆಲವು ತಿಂಗಳಿನಿಂದ ಮನೆಯ ಪಾತ್ರೆ, ಬಟ್ಟೆ ಎಲ್ಲ ಅವಳ ಪಾಲಿಗೇ ಬಂದಿದ್ದವು. ಯಾಕೆ ಬಂದವು ಎಂಬ ಮಾತನ್ನು ಮಾತ್ರ ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಕಾರ್ಖಾನೆಗೆ ಹೋಗುವ ಬಸ್ಸಿನಲ್ಲಿ ತಮ್ಮನ ಹೆಂಡತಿ ಕಿಟಕಿಯ ಪಕ್ಕ ಕೂತು, ಮಡಿಲ ಮೇಲಿನ ಬ್ಯಾಗಿನ ಕೆಳಗೆ ಕೈಗಳನ್ನು ಅಡಗಿಸಿಕೊಂಡಿದ್ದಳು. ಟಿಕೆಟ್ಟನ್ನು ದಿನವೂ ಅವನೇ ತೆಗೆಯುತ್ತಿದ್ದ. ಮೊದಮೊದಲು ಅವಳು ಬೇಡ ಬೇಡ ಎಂದು ಜಗಳಕ್ಕೆ ಬರುತ್ತಿದ್ದಳು. ಒಂದು ದಿನ ಅವಳೇ ದುಡ್ಡು ಕೊಟ್ಟಾಗ ಕಂಡಕ್ಟರ್ ಚಿಲ್ಲರೆಯನ್ನು ಅವಳ ಅಂಗೈಗೆ ಹಾಕಲು ಹೋಗಿ, ಕೈ ನೋಡಿ, ಹಾಕದೆ ಸೀಟಿನ ಮೇಲಿಟ್ಟು ಮುಂದೆ ಹೋದ. ಅವತ್ತಿನಿಂದ ಅವಳು ಜಗಳಕ್ಕೆ ಬರುವುದನ್ನು ಬಿಟ್ಟಳು. "ಅದೇನು ಅಂಟುರೋಗ ಅಲ್ಲಪ್ಪ" ಎಂದು ಅವನು ಆ ಕಂಡಕ್ಟರನಿಗೆ ಹೇಳಬಹುದಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು ಕೂಡ. ಅಂಟುರೋಗವಲ್ಲದಿದ್ದರೆ ಮತ್ತೇನು ಎಂದು ಅವನು ತಿರುಗಿ ಕೇಳಿಬಿಟ್ಟರೆ? "ಬಾವ, ಇವತ್ತು ಡಾಕ್ಟರು ಬರ್ತಾರಂತಲ್ಲ?" ಎಂದಳು ಈಗ, ಕಿಟಕಿಯ ಕಡೆಗೇ ನೋಡುತ್ತ. ಹೂಂ ಎಂದ. "ಹಾಗಾದ್ರೆ ನಾನು ಹಿಂದಿನ ರೂಮಲ್ಲಿ ಡಬ್ಬ ಮಡಚ್ತಾ ಕೂತಿರ್ತೀನಿ. ಒಂದು ದಿನ ಆರಾಮು ಸಿಕ್ಕ ಹಾಗಾಯ್ತು ಬಿಡಿ." ಕೈ ಕೆಟ್ಟವರನ್ನೆಲ್ಲ ಆ ದಿನ ಹಿಂದಿನ ರೂಮಿಗೆ ಕಳಿಸಿ ಬಾಗಿಲು ಮುಚ್ಚುವುದು ಕಾರ್ಖಾನೆಯಲ್ಲಿ ನಡೆದುಬಂದ ಪದ್ಧತಿ. ಯಾರ್ಯಾರು ಎಂದು ಆರಿಸುವ ಕೆಲಸ ಮೇಸ್ತ್ರಿಯದು, ಅಂದರೆ ಅವನದೇ. ಅದನ್ನವನು ದೊಡ್ಡ ಉಪಕಾರವೆಂದೇ ತಿಳಿದಿದ್ದ. ಡಾಕ್ಟರ ಕಣ್ಣಿಗೆ ಬಿದ್ದರೆ ಕೆಲಸ ಹೋಗುತ್ತದೆ, ಬೀಳದಿದ್ದರೆ ಉಳಿಯುತ್ತದೆ. ತಮ್ಮ ಸೊಂಟ ಹಿಡಿದು ಮಲಗಿದ ಮೇಲೆ ಅವನ ಸಂಸಾರ ನಿಂತಿರುವುದೇ ಇವಳ ಸಂಬಳದ ಮೇಲೆ. ಇವಳ ಹೆಸರನ್ನು ಹಿಂದಿನ ರೂಮಿಗೆ ಆರಿಸಿದ ಮೊದಲ ಸಲ ಇವಳು "ದೇವರಂಥವರು ನೀವು" ಅಂದಿದ್ದಳು. ಆ ಮಾತು ಎಷ್ಟೋ ದಿನ ಮೈಮೇಲೆ ಹರಿದಾಡುವ ಇರುವೆಯ ಹಾಗೆ ಕಾಡಿತ್ತು.

ಕಾರ್ಖಾನೆಯೆಂದರೆ ದೊಡ್ಡದೇನಲ್ಲ. ಹಿತ್ತಾಳೆಯ ನಲ್ಲಿಗಳು ಮಾಸಿದ ಮೈಯಲ್ಲಿ ಒಂದು ಕಡೆಯಿಂದ ಬರುತ್ತವೆ, ಬೆಳ್ಳಿಯ ಹೊಳಪು ಹೊತ್ತು ಇನ್ನೊಂದು ಕಡೆಯಿಂದ ಹೋಗುತ್ತವೆ. ನಡುವೆ ಸಾಲಾಗಿ ತೊಟ್ಟಿಗಳು. ಜಿಡ್ಡು ತೆಗೆಯುವ ಬಿಸಿ ಕ್ಷಾರದ ನೀರು, ಆಸಿಡ್ಡು, ಹಸಿರು ಬಣ್ಣದ ನಿಕಲ್ಲಿನ ತೊಟ್ಟಿ, ಕೊನೆಗೆ ಕ್ರೋಮಿನದು. ಹೆಂಗಸರು ಒಂದೊಂದು ನಲ್ಲಿಗೂ ತಂತಿ ಸುತ್ತಿ ಚೌಕಟ್ಟಿಗೆ ಕಟ್ಟಬೇಕು, ಅದ್ದಬೇಕು, ಎತ್ತಬೇಕು, ತೊಳೆಯಬೇಕು, ಮತ್ತೆ ಅದ್ದಬೇಕು. ದಪ್ಪ ರಬ್ಬರಿನ ಗವಸು ಹಾಕಿಕೊಂಡು ಸಣ್ಣ ತಂತಿ ಸುತ್ತುವುದೆಂದರೆ ಕಂಬಳಿ ಹೊದ್ದು ಸೂಜಿಗೆ ದಾರ ಪೋಣಿಸಿದ ಹಾಗೆ. ತಮ್ಮನ ಹೆಂಡತಿ ಬಂದ ಮೊದಲ ದಿನ ಅವಳ ಕೈಯಿಂದ ಒಂದರ ಹಿಂದೆ ಒಂದು ನಲ್ಲಿ ಜಾರಿ ಬಿದ್ದು, ಉಳಿದವರೆಲ್ಲ ಬಾಯಿಗೆ ಬಟ್ಟೆ ಒತ್ತಿಕೊಂಡು ನಕ್ಕಿದ್ದರು. ಅವಳ ಕಣ್ಣಲ್ಲಿ ನೀರು ತುಂಬಿದ್ದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ. ಕತ್ತರಿ ತಂದು, ಅವಳ ಗವಸಿನ ಹೆಬ್ಬೆರಳಿನದೂ ಪಕ್ಕದ ಎರಡು ಬೆರಳಿನದೂ ತುದಿಗಳನ್ನು ಕಚಕ್ ಕಚಕ್ ಎಂದು ಕತ್ತರಿಸಿ ಕೊಟ್ಟ. "ಈಗ ಕಟ್ಟಮ್ಮ." ಅವಳು ಕಟ್ಟಿದಳು. ಸಂಜೆಯ ಹೊತ್ತಿಗೆ ಹಳಬರ ಸಮಕ್ಕೆ ಕಟ್ಟುತ್ತಿದ್ದಳು. "ಬಾವ, ಇದು ನಿಮ್ಮ ತಲೇಲಿ ಹೊಳೆದದ್ದಾ?" ಎಂದು ಕೇಳಿದಾಗ ಮತ್ತೇನು ಎಂದು ಮೀಸೆಯಡಿಯಲ್ಲಿ ನಕ್ಕಿದ್ದ. ಅಲ್ಲಿ ಎಲ್ಲರ ಗವಸಿಗೂ ತುದಿ ಇರಲಿಲ್ಲ. ಅದು ಅವನು ಬರುವುದಕ್ಕೆ ಮೊದಲಿನಿಂದಲೂ ಇದ್ದ ಚಾಳಿ, ಮೇಸ್ತ್ರಿಯಾದ ಮೇಲೆ ಕತ್ತರಿ ಅವನ ಕೈಗೆ ಬಂದಿತ್ತು. ಕತ್ತರಿಸಿದ ತುದಿಯಿಂದ ತೊಟ್ಟಿಯ ನೀರು ಒಳಗೆ ನುಗ್ಗಿ, ಹೊರಗೆ ಹೋಗಲು ದಾರಿಯಿಲ್ಲದೆ, ಬೆಚ್ಚಗೆ ಬೆರಳಿಗೆ ಅಂಟಿಕೊಂಡು ಕೆಲಸ ಮುಗಿಯುವವರೆಗೂ ಅಲ್ಲೇ ಇರುತ್ತಿತ್ತು. ಬರಿಗೈಯಾಗಿದ್ದರೆ ಒಂದೊಂದು ಸಲ ತೊಳೆದಾದರೂ ಹೋಗುತ್ತಿತ್ತೇನೋ. ಇದು ಅವನಿಗೆ ಗೊತ್ತಿತ್ತೆ? ಗೊತ್ತಿತ್ತು ಎನ್ನುವಷ್ಟು ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎನ್ನುವಷ್ಟು ದಡ್ಡನೂ ಅವನಲ್ಲ.

ಬಾಗಿಲು ದಾಟುತ್ತಲೇ ಕಾವಲಿನವನು "ಬಂದ್ರು ನೋಡಪ್ಪ ಮದುಮಗ" ಎಂದ. ಆ ಅಡ್ಡಹೆಸರು ಮ್ಯಾನೇಜರ್ ಇಟ್ಟದ್ದು. ಹೊಸದಾಗಿ ಕೆಲಸಕ್ಕೆ ಬಂದವರು ತೊಟ್ಟಿಯ ಘಾಟಿಗೆ ಮೂಗು ಮುಚ್ಚಿ, ಒಂದು ಹೆಜ್ಜೆ ಹಿಂದೆ ಸರಿದು, "ಸರ್, ಕೈಗೇನೂ ಆಗಲ್ವಾ?" ಎಂದು ಕೇಳಿದಾಗಲೆಲ್ಲ ಮ್ಯಾನೇಜರ್ ಗಟ್ಟಿಯಾಗಿ ಕೂಗುತ್ತಿದ್ದ. "ಎಲ್ಲಿ, ನಮ್ಮ ಮದುಮಗನ್ನ ಕರೀರಿ!" ಅವನು ಹೋಗಿ ಕೈ ಚಾಚಿ ನಿಲ್ಲಬೇಕು. ಮ್ಯಾನೇಜರ್ ಅವನ ಮಣಿಕಟ್ಟು ಹಿಡಿದು, ಅಂಗಡಿಯವನು ಬಟ್ಟೆಯ ಎರಡೂ ಮಗ್ಗುಲು ತೋರಿಸುವ ಹಾಗೆ ಆ ಕಡೆ ಈ ಕಡೆ ತಿರುಗಿಸಿ ತೋರಿಸುತ್ತಿದ್ದ. "ನೋಡಮ್ಮ. ಇಷ್ಟು ವರ್ಷದಿಂದ ಇದೇ ತೊಟ್ಟಿ, ಇದೇ ನೀರು. ಮದುವೆಗೆ ಹೊರಟವನ ಕೈ ಇದ್ದ ಹಾಗಿಲ್ವಾ?" ಮೊದಲ ಸಲ ನಾಚಿಕೆಯಾಗಿತ್ತು. ಆಮೇಲಾಮೇಲೆ, ಯಾಕೆ ಸುಳ್ಳು, ಒಂದು ಬಗೆಯ ಹೆಮ್ಮೆಯೂ ಬಂದಿತ್ತು. ಇಡೀ ಕಾರ್ಖಾನೆಯಲ್ಲಿ ಬೇರೆ ಯಾರ ಮೈಯಲ್ಲಿಯೂ ಇಲ್ಲದ್ದು ತನ್ನಲ್ಲಿದೆಯೆಂಬ ಹೆಮ್ಮೆ. ಹೊಸಬರು ಬರುತ್ತಾರೆಂದು ಗೊತ್ತಾದರೆ ಹಿಂದಿನ ದಿನವೇ ಉಗುರು ಕತ್ತರಿಸಿಕೊಳ್ಳುತ್ತಿದ್ದ. ಮೇಸ್ತ್ರಿಯಾದ ಮೇಲೆ ತಾನು ತೊಟ್ಟಿಗೆ ಒಂದು ಬೆರಳನ್ನೂ ಅದ್ದಿಲ್ಲ, ಅದಕ್ಕೆ ಮುಂಚೆ ಇದ್ದದ್ದು ಒಣ ಕೆಲಸವಾದ ಪಾಲಿಶ್ ಮಾಡುವ ಕಡೆ ಎಂಬ ಮಾತು ಯಾವತ್ತೂ ಬಾಯಿಂದ ಹೊರಗೆ ಬರಲಿಲ್ಲ. ಯಾರೂ ಕೇಳಲಿಲ್ಲವಲ್ಲ. ತಮ್ಮನ ಹೆಂಡತಿಗೂ ಅವತ್ತು ಇದೇ ಕೈ ತೋರಿಸಿದ್ದರು. ಅವಳು ಸರಿಯಾಗಿ ನೋಡಲೂ ಇಲ್ಲ. "ಅಯ್ಯೋ, ಇವರ ಕೈ ಮನೇಲಿ ದಿನಾ ನೋಡ್ತೀನಲ್ಲ ಸರ್" ಎಂದು ನಕ್ಕು, ತಲೆಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋಗಿದ್ದಳು.

ಬೀರುವಿನಿಂದ ತುದಿ ಕತ್ತರಿಸದ ಗವಸುಗಳ ಕಟ್ಟು ತೆಗೆದು ಅವನು ಎಲ್ಲರಿಗೂ ಹಂಚಿದ. ಸಂಜೆ ಎಣಿಸಿ ವಾಪಸು ಇಡಬೇಕಾದವು ಅವು. ಒಬ್ಬಳು ಹಾಕಿಕೊಳ್ಳುತ್ತ "ಮೇಸ್ತ್ರಿ, ಇದನ್ನ ಹಾಕ್ಕೊಂಡು ತಂತಿ ಕಟ್ಟೋದು ಹೇಗೆ?" ಎಂದಳು. "ಕಟ್ಟಬೇಡ, ಕಟ್ಟಿದ ಹಾಗೆ ಮಾಡು" ಎಂದ. ಎಲ್ಲರೂ ನಕ್ಕರು, ಅವನೂ ನಕ್ಕ. ಪ್ರತಿ ವರ್ಷ ಬರುತ್ತಿದ್ದ ಡಾಕ್ಟರು ಮ್ಯಾನೇಜರ್ ಕೋಣೆಯಲ್ಲಿ ಚಹಾ ಕುಡಿದು, ತೊಟ್ಟಿಗಳ ಕಡೆ ದೂರದಿಂದ ಕತ್ತು ಚಾಚಿ, ಹೋಗಿಬಿಡುತ್ತಿದ್ದರು. ಈ ಸಲ ಬಂದದ್ದು ಬೇರೆ. ಕುಳ್ಳಗಿನ, ಚುರುಕಾದ ಹೆಂಗಸು. ಚಹಾ ಬೇಡ ಎಂದರು. ಸೀದಾ ತೊಟ್ಟಿಯ ಹತ್ತಿರ ಬಂದು, ಒಬ್ಬೊಬ್ಬರದೇ ಗವಸು ತೆಗೆಸಿ, ಕೈಯನ್ನು ತಮ್ಮ ಕೈಯಲ್ಲಿ ಹಿಡಿದು, ಬೆರಳ ಸಂದಿಗಳನ್ನು ನೋಡತೊಡಗಿದರು. ಅದನ್ನು ಕಂಡದ್ದೇ ಅವನು ಹಿಂದಿನ ರೂಮಿನ ಬಾಗಿಲ ಕಡೆ ನೋಡಿದ. ಆಮೇಲೆ ಎಲ್ಲಿಂದಲೋ ಒಂದು ಆಸೆಯೂ ಹುಟ್ಟಿತು. ಇವರು ಕೇಳುತ್ತಾರೆ. ಇವರು ಕೇಳಿದರೆ ನಾನು ಹೇಳುತ್ತೇನೆ. ನಾನಾಗಿಯೇ ಹೇಳಬೇಕಾಗಿಲ್ಲ, ಕೇಳಿದರೆ ಸಾಕು. ಸಾಲಿನ ತುದಿಯಲ್ಲಿ ನಿಂತ ಅವನ ಹತ್ತಿರ ಡಾಕ್ಟರು ಬಂದು ಅವನ ಕೈಯನ್ನೂ ಹಿಡಿದುಕೊಂಡರು. ಅವರ ಬೆರಳು ತಣ್ಣಗಿದ್ದವು. "ನೀವು ಯಾವ ತೊಟ್ಟಿ?" ಎಂದರು. ಅವನು ಬಾಯಿ ತೆರೆದ. ಪಕ್ಕದಿಂದ ಮ್ಯಾನೇಜರ್ ಹೇಳಿಬಿಟ್ಟ. "ಎಲ್ಲ ತೊಟ್ಟೀನೂ ಮೇಡಂ. ಇವರು ಮಾಡದ ಕೆಲಸ ಇಲ್ಲಿಲ್ಲ. ನೋಡಿ ಕೈ, ಮದುಮಗನ ಕೈ!" ಡಾಕ್ಟರು ಹುಬ್ಬೇರಿಸಿ, "ನಿಜವಾಗ್ಲೂ ಚೆನ್ನಾಗಿದೆ" ಎಂದು ಕೈಯನ್ನು ಮೆಲ್ಲಗೆ ಬಿಟ್ಟರು. ಬಿಟ್ಟ ಕೈಯನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ತೆರೆದ ಬಾಯಿ ಹಾಗೇ ಇತ್ತು. ಅದನ್ನು ಸುಮ್ಮನೆ ಮುಚ್ಚುವುದು ಅವಮಾನವೆನಿಸಿ ಕೆಮ್ಮಿದ.

ಅವರು ಹೊರಡಲು ತಿರುಗಿದರು. ಇನ್ನೇನು ಮುಗಿಯಿತು, ಎಂದಿನ ಹಾಗೆ ಎಲ್ಲ ಸಾಂಗವಾಗಿ ಮುಗಿಯಿತು. ಬೆಳಿಗ್ಗೆ ಹುಡುಗಿ ಎಳೆದ ರಾಗ ಆಗ ಅವನ ಕಿವಿಯಲ್ಲಿ ಕೇಳಿತೋ, ಅಥವಾ ಆ ತಣ್ಣಗಿನ ಬೆರಳುಗಳ ಮುಂದೆ ತಾನು ಇಷ್ಟು ಚೆನ್ನಾಗಿ ಪಾಸಾದದ್ದನ್ನು ತಡೆಯಲಾರದೆಯೋ, ಅವನ ಬಾಯಿಂದ ಮಾತು ಹೊರಟೇಬಿಟ್ಟಿತು. "ಮೇಡಂ, ಹಿಂದಿನ ರೂಮಲ್ಲಿ ಒಬ್ಬರಿದ್ದಾರೆ." ಮ್ಯಾನೇಜರ್ ಅವನನ್ನು ನೋಡಿದ ನೋಟದಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು. ಒಬ್ಬರು ಎಂದು ಯಾಕೆ ಹೇಳಿದ? ಒಳಗೆ ಮೂವರಿದ್ದರು. ಉಳಿದಿಬ್ಬರ ಹೊಟ್ಟೆಯ ಮೇಲೆ ಹೊಡೆಯುವ ಹಕ್ಕು ತನಗಿಲ್ಲ, ಇವಳಾದರೆ ಮನೆಯವಳು ಎಂದು ಆ ಗಳಿಗೆಯಲ್ಲೇ ಲೆಕ್ಕ ಹಾಕಿದ್ದನೆ? ಬಾಗಿಲು ತೆರೆದಾಗ ಮೂವರೂ ರಟ್ಟಿನ ಡಬ್ಬಗಳ ರಾಶಿಯ ನಡುವೆ ಹರಟುತ್ತ ಕೂತಿದ್ದವರು ದಡಬಡ ಎದ್ದರು. ಇಬ್ಬರು ಡಬ್ಬಗಳನ್ನು ಎದೆಗೊತ್ತಿಕೊಂಡು ಕೈ ಮರೆಮಾಡಿಕೊಂಡರು. ಅವನು ತಮ್ಮನ ಹೆಂಡತಿಯನ್ನು ತೋರಿಸಿದ. ಅವಳಿಗೆ ಅರ್ಥವಾಗಲಿಲ್ಲ. "ಏನು ಬಾವ?" ಎಂದು, ತುಟಿಯ ಮೇಲಿನ ನಗುವನ್ನು ಇನ್ನೂ ಒರೆಸದೆ, ಹತ್ತಿರ ಬಂದಳು.

ಡಾಕ್ಟರು ಕೈ ಹಿಡಿದು ಬೆಳಕಿಗೆ ತಿರುಗಿಸಿದರು. ಅವನೂ ಅದನ್ನು ಆಗಲೇ ಸರಿಯಾಗಿ ನೋಡಿದ್ದು. ಒಂದೇ ಸೂರಿನ ಕೆಳಗಿದ್ದರೂ ಇಷ್ಟು ದಿನ ಕಣ್ಣು ತಪ್ಪಿಸಿಕೊಂಡೇ ಬಂದಿದ್ದ. ಬೆರಳುಗಳ ಗೆಣ್ಣಿನಲ್ಲಿ ಚರ್ಮ ದಪ್ಪಗಾಗಿ ಸೀಳಿ, ಸೀಳಿನೊಳಗೆ ಹಸಿ ಕೆಂಪು. ಮಣಿಕಟ್ಟಿನವರೆಗೆ ಕೆರೆದು ಕೆರೆದು ಕಪ್ಪಾದ ಪಟ್ಟೆ. ತೋರುಬೆರಳಿನ ಮೇಲೆ ಮೊಳೆಯಲ್ಲಿ ಚುಚ್ಚಿ ತೆಗೆದ ಹಾಗೆ ಗುಂಡಗಿನ ಒಂದು ಸಣ್ಣ ಕುಳಿ. ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳು, ಅವನು ಕತ್ತರಿ ಆಡಿಸಿದ ಅವೇ ಮೂರು, ಎಲ್ಲಕ್ಕಿಂತ ಕೆಟ್ಟಿದ್ದವು. "ಎಷ್ಟು ದಿನದಿಂದ ಹೀಗಿದೆ?" ಎಂದರು ಡಾಕ್ಟರು. "ಇದು ಕೆಲಸದ್ದಲ್ಲ ಮೇಡಂ" ಎಂದಳು ಅವಳು, ಒಂದೇ ಉಸಿರಿಗೆ. "ಮನೇಲಿ ಪಾತ್ರೆ ತೊಳೆಯೋ ಸೋಪಿಂದ ಆಗಿದ್ದು. ಆ ಸೋಪು ನನಗೆ ಆಗಿಬರಲ್ಲ. ಇಲ್ಲಿ ಗವಸು ಕೊಡ್ತಾರೆ, ಎಲ್ಲ ಚೆನ್ನಾಗಿದೆ." ಅಕ್ಷರ ತಪ್ಪದೆ ಅವನೇ ಕಲಿಸಿದ ಮಾತು. ಯಾರಾದರೂ ಕೇಳಿದರೆ ಹೀಗೆನ್ನಿ ಎಂದು ಎಲ್ಲರಿಗೂ ಹೇಳಿಕೊಟ್ಟಿದ್ದ. "ಬೇಕಾದ್ರೆ ಬಾವನ್ನ ಕೇಳಿ, ನಾವು ಒಂದೇ ಮನೇಲಿರೋದು" ಎಂದು ಅವಳು ಅವನ ಕಡೆ ತಿರುಗಿದಳು. ಅವಳ ಮುಖದಲ್ಲಿ ಈಗ ನಗು ಇರಲಿಲ್ಲ, ಕಣ್ಣೆರಡೂ ಅವನನ್ನು ಹಿಡಿದು ಅಲ್ಲಾಡಿಸುತ್ತಿದ್ದವು. ಹೌದು ಎಂದರೆ ಮುಗಿಯಿತು. ಹೌದು ಎಂದರೆ ಅವಳು ನಾಳೆ ಮತ್ತೆ ಆ ಹಸಿರು ನೀರಿಗೆ ಕೈ ಇಳಿಸುತ್ತಾಳೆ. "ಇಲ್ಲ ಮೇಡಂ" ಎಂದ. "ಕೈ ಹೀಗಾದಾಗಿನಿಂದ ಮನೇಲಿ ಇವಳು ಪಾತ್ರೆ ಮುಟ್ಟಿಲ್ಲ. ನನ್ನ ಹೆಂಡತೀನೇ ತೊಳೀತಾಳೆ. ಇದು ಇಲ್ಲಿಯದೇ." ಹೇಳಿದ ಕೂಡಲೇ ಎದೆಯ ಮೇಲಿನ ಚಪ್ಪಡಿ ಸರಿದಂತೆ ಹಾಯೆನಿಸಿತು. ನಾನು ಹೇಳಿದೆ, ಕಡೆಗೂ ಹೇಳಿದೆ ಎಂದು ಒಳಗೇ ಕುಣಿಯುವಷ್ಟು ಸಂತೋಷ. ಅವಳ ಕಡೆ ಮಾತ್ರ ನೋಡಲಾಗಲಿಲ್ಲ.

ಡಾಕ್ಟರು ಒಂದು ಗಳಿಗೆ ಯೋಚಿಸಿದರು. ಕಟ್ಟಿನಿಂದ ಬಂದ ಹೊಸ ಗವಸೊಂದು ಮೇಜಿನ ಮೇಲಿತ್ತು. ಅದನ್ನು ಎತ್ತಿ, ಬೆರಳುಗಳನ್ನು ಎಳೆದು, ತೂತಿಲ್ಲವೆಂದು ನೋಡಿದರು. "ಗವಸು ಸರಿಯಾಗೇ ಇದೆ. ಬೇರೆಯವರ ಕೈನೂ ನೋಡಿದೆ, ಪರವಾಗಿಲ್ಲ. ಇವರಂತೂ" ಎಂದು ಅವನ ಕಡೆ ತಲೆಯಾಡಿಸಿ, "ಇಷ್ಟು ವರ್ಷ ಎಲ್ಲ ತೊಟ್ಟೀಲಿ ಮಾಡಿದ್ದಾರೆ, ಏನೂ ಆಗಿಲ್ಲ. ಅಂದ್ರೆ ನಿಮ್ಮ ಚರ್ಮಾನೇ ಸ್ವಲ್ಪ ಸೂಕ್ಷ್ಮ ಅಂತ ಕಾಣತ್ತಮ್ಮ. ಕೆಲವರ ಮೈಗೆ ನಿಕಲ್ ಒಗ್ಗಲ್ಲ. ಇನ್ಮೇಲೆ ನೀವು ಇದನ್ನ ಮುಟ್ಟಲೇಬಾರದು" ಎಂದರು. ಮ್ಯಾನೇಜರ್ ಕಡೆ ತಿರುಗಿ, "ಇವರಿಗೆ ಬೇರೆ ಕೆಲಸ ಕೊಡಿ" ಎಂದೂ ಹೇಳಿದರು. "ಖಂಡಿತ ಮೇಡಂ, ಖಂಡಿತ" ಎಂದ ಮ್ಯಾನೇಜರ್. ಆ ಎರಡು ಖಂಡಿತಗಳ ಅರ್ಥ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಡಾಕ್ಟರಿಗೆ ಬಿಟ್ಟು. ಅವನ ಸಂತೋಷ ಬಂದಷ್ಟೇ ಬೇಗ ಇಳಿದುಹೋಯಿತು. ಏನು ನಡೆಯಿತೆಂದು ತಲೆಗೆ ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ತಪ್ಪು ಅವಳ ಚರ್ಮದ್ದಾಗಿತ್ತು. ಸಾಕ್ಷಿ ಅವನ ಕೈ. ಡಾಕ್ಟರು ಮುಲಾಮಿನ ಹೆಸರು ಬರೆದು ಚೀಟಿಯನ್ನು ಅವಳಿಗೆ ಕೊಟ್ಟು ಮ್ಯಾನೇಜರ್ ಕೋಣೆಯ ಕಡೆ ಹೋದರು. ಸ್ವಲ್ಪ ಹೊತ್ತಿನಲ್ಲೇ ಮ್ಯಾನೇಜರ್ ಒಬ್ಬನೇ ಬಂದು, ಬಹಳ ಮೃದುವಾಗಿ, "ಕೈ ವಾಸಿ ಮಾಡ್ಕೊಳ್ಳಮ್ಮ. ಪ್ಯಾಕಿಂಗಿಗೆ ಈಗ ಜನ ಸಾಕಾಗಿದ್ದಾರೆ. ಬೇಕಾದಾಗ ಹೇಳಿಕಳಿಸ್ತೀವಿ" ಎಂದು ಹೇಳಿ ಹೋದ.

ಹೆಂಗಸರು ಬಟ್ಟೆ ಬದಲಿಸುವ ಮೂಲೆಯ ಹೊರಗೆ ಅವನು ಕಾದು ನಿಂತ. ಅವಳು ಬ್ಯಾಗು ಕಂಕುಳಲ್ಲಿ ಇರುಕಿಕೊಂಡು ಹೊರಗೆ ಬಂದಳು. ಅತ್ತಿರಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. "ನಿನ್ನ ಒಳ್ಳೇದಕ್ಕೇ ಹೇಳಿದ್ದಮ್ಮ. ಆ ಕೈ ಹಾಗೇ ಬಿಟ್ರೆ..." ಎಂದು ಶುರುಮಾಡಿದ. ಅವಳು ಕೈಯೆತ್ತಿ ತಡೆದಳು. "ನನ್ನ ಒಳ್ಳೇದು ಇರಲಿ ಬಾವ. ನಿಜ ಹೇಳಲೇಬೇಕು ಅಂತಿದ್ರೆ ನಿಮ್ಮ ಕೈ ವಿಷಯ ಹೇಳಬೇಕಿತ್ತು. ನನ್ನ ಕೈ ವಿಷಯ ಯಾಕೆ ಹೇಳಿದ್ರಿ?" ಅವನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಹಾಗಾದರೆ ಇವಳಿಗೂ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ತೊಟ್ಟಿ ಮುಟ್ಟದವನ ಕೈ ಅದೆಂದು ತಿಳಿದೂ ಅವರೆಲ್ಲ ಮದುಮಗ ಎಂದು ನಕ್ಕು ಸುಮ್ಮನಾಗುತ್ತಿದ್ದರು. ಎಂಥ ಸುಲಭದ ಮಾತು! ಮೇಡಂ, ನಾನು ಇದನ್ನು ಮುಟ್ಟುವುದೇ ಇಲ್ಲ. ಈ ಗವಸು ಇವತ್ತೊಂದು ದಿನಕ್ಕೆ. ಇವರೆಲ್ಲರ ಗವಸಿನ ತುದಿ ಕತ್ತರಿಸಿದವನು ನಾನು. ಅಷ್ಟು ಹೇಳಿದ್ದರೆ ಹೋಗುತ್ತಿದ್ದದ್ದು ಅವನ ಮೇಸ್ತ್ರಿಗಿರಿ, ಅವಳ ಕೆಲಸವಲ್ಲ. ಇಷ್ಟು ಹೊತ್ತೂ ಅದು ಅವನ ತಲೆಯ ಹತ್ತಿರಕ್ಕೂ ಸುಳಿಯಲಿಲ್ಲವೆ, ಸುಳಿದದ್ದನ್ನು ಅವನೇ ಬೇರೆ ಕಡೆ ಅಟ್ಟಿದನೆ? ಅಂಗಳದಲ್ಲಿ ಡಾಕ್ಟರ ಕಾರು ಸ್ಟಾರ್ಟ್ ಆದ ಸದ್ದು ಕೇಳಿಸಿತು. "ಇನ್ನೂ ಹೋಗಿಲ್ಲ ನೋಡಿ" ಎಂದಳು ಅವಳು.

ಅವನು ಓಡಿದ. ಈ ವಯಸ್ಸಿನಲ್ಲಿ, ಚಪ್ಪಲಿ ಪಟಪಟ ಬಡಿಯುತ್ತ, ತೊಟ್ಟಿಯ ಹೆಂಗಸರೆಲ್ಲ ಕತ್ತು ಹೊರಳಿಸಿ ನೋಡುತ್ತಿದ್ದಂತೆ ಓಡಿದ. ಕಾವಲಿನವನು ಅರ್ಧ ತೆರೆದ ಗೇಟನ್ನು ಹಿಡಿದುಕೊಂಡು ನಿಂತ. ಅವನು ಕಾರಿನ ಕಿಟಕಿಗೆ ಅಂಗೈಯಿಂದ ಬಡಿದ. ಗಾಜು ಕೆಳಗಿಳಿಯಿತು. ಒಳಗೆ ಡಾಕ್ಟರು, ಪಕ್ಕದಲ್ಲಿ ಬೀಳ್ಕೊಡಲು ಬಂದು ನಿಂತ ಮ್ಯಾನೇಜರ್. "ಏನು?" ಎಂದರು ಡಾಕ್ಟರು. ಮಾತು ಸಿದ್ಧವಾಗಿತ್ತು. ಮೇಡಂ, ಈ ಕೈ, ಎಂದು ಶುರುಮಾಡಬೇಕು, ಮಿಕ್ಕದ್ದು ತಾನಾಗಿ ಬರುತ್ತದೆ. ಎರಡೂ ಕೈ ಮುಂದೆ ಚಾಚಿದ್ದ ಕೂಡ. ಮ್ಯಾನೇಜರ್ ಅವನನ್ನು ಸುಮ್ಮನೆ ನೋಡುತ್ತಿದ್ದ, ಬೆದರಿಸಲೂ ಇಲ್ಲ, ಹುಬ್ಬು ಗಂಟಿಕ್ಕಲೂ ಇಲ್ಲ. "ಮೇಡಂ, ಆ ಮುಲಾಮು..." ಎಂದ ಅವನು, ಏದುಸಿರು ಬಿಡುತ್ತ. "ಆ ಮುಲಾಮು ಊಟಕ್ಕೆ ಮುಂಚೆ ಹಚ್ಚಬೇಕಾ, ಆಮೇಲಾ?"

ಡಾಕ್ಟರು ಮೊದಲು ಕಣ್ಣರಳಿಸಿ, ಆಮೇಲೆ ನಕ್ಕುಬಿಟ್ಟರು. ಕೆಟ್ಟ ನಗುವೇನಲ್ಲ. "ಅದು ಮಾತ್ರೆ ಅಲ್ಲಪ್ಪ. ಯಾವಾಗ ಬೇಕಾದ್ರೂ ಹಚ್ಚಿ" ಎಂದರು. ಮ್ಯಾನೇಜರ್ ಹೋ ಎಂದು ನಕ್ಕು ಅವನ ಭುಜ ತಟ್ಟಿದ. ಕಾವಲಿನವನು ನಕ್ಕ. ಅವನೂ ನಕ್ಕ, ಎಲ್ಲರಿಗಿಂತ ಗಟ್ಟಿಯಾಗಿ, ಕಣ್ಣಲ್ಲಿ ನೀರು ಬರುವಷ್ಟು. ಕಾರು ಗೇಟು ದಾಟಿ ತಿರುಗಿತು. ನಗು ನಿಲ್ಲಿಸುವುದು ಹೇಗೆಂದು ತಿಳಿಯದೆ ಅವನು ಹಿಂದಕ್ಕೆ ಹೊರಳಿದಾಗ ತಮ್ಮನ ಹೆಂಡತಿ ಅಲ್ಲೇ ನಿಂತಿದ್ದಳು. ಯಾವಾಗ ಬಂದಿದ್ದಳೋ, ಏನೇನು ಕೇಳಿಸಿಕೊಂಡಿದ್ದಳೋ. ಬ್ಯಾಗನ್ನು ಅವನ ಮುಂದೆ ಹಿಡಿದಳು. ಅದರ ಬಕಲ್ಲು ಬಿಚ್ಚಿ ನೇತಾಡುತ್ತಿತ್ತು, ಒಳಗಿನ ಊಟದ ಡಬ್ಬಿ ಕಾಣುತ್ತಿತ್ತು.

"ಇದೊಂದು ಹಾಕಿಕೊಡಿ ಬಾವ. ನನ್ನ ಬೆರಳಿಗೆ ಆಗಲ್ಲ."

ಅವನು ಬಗ್ಗಿ ಹಾಕಿಕೊಟ್ಟ. ಒಂದೇ ಸಲಕ್ಕೆ ಕೂತಿತು.